ಮಂಡಿನೋವು ಮತ್ತು ಪೋರ್ಚುಗೀಸರ ಊರು

ನನ್ನ ತಂಗಿಯ ಜೊತೆ ನಾನು ಪೋರ್ಚುಗಲ್‌ಗೆ ಹೋಗಲಿಲ್ಲ. ಅವಳು ಕರೆದಳು, ಬರುತ್ತೇನೆ ಎಂದೆ, ಆಮೇಲೆ ಮಂಡಿನೋವು ಎಂದು ಸುಳ್ಳು ಹೇಳಿ ಹಿಂದೆ ಸರಿದೆ. ನಾನಿಲ್ಲದೆ ಅವಳೂ ಹೋಗಲಿಲ್ಲ.

ಕೊರೊನಾ ಕಳೆದು ವಿಮಾನಗಳು ಮತ್ತೆ ಹಾರತೊಡಗಿದ್ದ ಕಾಲ. ತಂಗಿ ಸ್ಯಾನ್ ಡಿಯೆಗೊದ ರಾಂಚೊ ಬರ್ನಾರ್ಡೊದಲ್ಲಿ ಮನೆಯೊಳಗೇ ಕೂತು ಆಫೀಸಿನ ಕೆಲಸ ಮಾಡಿ ಮಾಡಿ ಬೇಸತ್ತಿದ್ದಳು. ಅವಳ ಫೋನಿನಲ್ಲಿ ಒಂದು ಹಳೆಯ ಪೋರ್ಚುಗೀಸ್ ಪಟ್ಟಣದ ಚಿತ್ರವಿತ್ತು. ಕೋಟೆಗೋಡೆಯೊಳಗೆ ಸುಣ್ಣ ಬಳಿದ ಮನೆಗಳು, ಗೋಡೆಯ ಅಂಚಿಗೆ ನೀಲಿ ಪಟ್ಟಿ, ಕಲ್ಲು ಹಾಸಿದ ಇಕ್ಕಟ್ಟು ಬೀದಿ.

"ಐವತ್ತು ತುಂಬೋದ್ರೊಳಗೆ ಇದನ್ನ ನೋಡ್ಬೇಕು ಅಕ್ಕ. ನಾವಿಬ್ರೇ. ಬೀದಿ ಸುತ್ತೋಣ, ಏನಾದ್ರೂ ಕೊಳ್ಳೋಣ, ತಿನ್ನೋಣ. ಗಂಡಂದಿರು ಮನೇಲಿ ಅನ್ನ ಬೇಯಿಸ್ಕೊಳ್ಳಲಿ" ಎಂದಿದ್ದಳು.

ನಾನು ಲಾಸ್ ಏಂಜಲಿಸ್ ಹತ್ತಿರದ ಆರ್ಟೀಷಿಯಾದಲ್ಲಿ ಬ್ಲೌಸ್ ಹೊಲಿಯುವವಳು. ಸೀರೆ ಅಂಗಡಿ, ಚಾಟ್ ಅಂಗಡಿ, ಬಂಗಾರದ ಅಂಗಡಿ ಸಾಲಾಗಿ ನಿಂತ ಆ ಬೀದಿಯಲ್ಲಿ ಇಂಗ್ಲಿಷ್ ಇಲ್ಲದೆಯೂ ದಿನ ಹೋಗುತ್ತದೆ. ಕುಮಟಾದಲ್ಲಿ ಐದನೆಯ ಕ್ಲಾಸಿಗೇ ನನ್ನ ಶಾಲೆ ಮುಗಿದಿತ್ತು. ಈ ದೇಶಕ್ಕೆ ಬರುವಾಗ, ನಡುವೆ ವಿಮಾನ ಬದಲಿಸುವ ಊರಿನಲ್ಲಿ ಬೋರ್ಡು ಓದಲಾಗದೆ ಬೇರೆ ಯಾವುದೋ ಸಾಲಿನಲ್ಲಿ ನಿಂತುಬಿಟ್ಟಿದ್ದೆ. ಕೇಳಿದ್ದಕ್ಕೆಲ್ಲ "ಎಸ್" ಎಂದೆ. ಕೊನೆಗೆ ಒಂದು ಕೋಣೆಯಲ್ಲಿ ಕೂರಿಸಿದರು. ಯಾರೋ ಹಿಂದಿ ಬಲ್ಲವರು ಬರುವವರೆಗೂ ಸೆರಗು ಕಚ್ಚಿಕೊಂಡು ಅತ್ತೆ. ಅದನ್ನು ಯಾರಿಗೂ ಹೇಳಲಿಲ್ಲ. ಚಿಕ್ಕವಳಿದ್ದಾಗ ತಂಗಿ ನನ್ನ ಕೈ ಹಿಡಿಯದೆ ಸಮುದ್ರಕ್ಕೆ ಕಾಲಿಡುತ್ತಿರಲಿಲ್ಲ. ಅಂಥವಳಿಗೆ ಇದನ್ನು ಹೇಗೆ ಹೇಳುವುದು, ಅವಳೆದುರೇ ಮತ್ತೆ ಹಾಗೆ ಹೇಗೆ ನಿಲ್ಲುವುದು?

ಅದಕ್ಕೇ ಮಂಡಿನೋವು. ಪಾಪ, ಅವಳು ನಂಬಿದಳು. ಟಿಕೆಟ್ ಕ್ಯಾನ್ಸಲ್ ಮಾಡಿ, ಶನಿವಾರ ಬಂತೆಂದರೆ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು ನನ್ನ ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕತೊಡಗಿದಳು. ಅವಳು ಬಂದಾಗಲೆಲ್ಲ ನಾನು ಕುಂಟಬೇಕು. ಒಂದು ವಾರ ಯಾವ ಕಾಲು ಎಂಬುದೇ ಮರೆತು ಬಲಗಾಲಿನ ಬದಲು ಎಡಗಾಲಿನಲ್ಲಿ ಕುಂಟಿದೆ.

"ಅಯ್ಯೋ, ಅದಕ್ಕೂ ಬಂತಾ?" ಎಂದು ಆ ಕಾಲಿಗೂ ಎಣ್ಣೆ ಹಚ್ಚಿದಳು.

ಮರುವರ್ಷದ ಬೇಸಿಗೆಗೆ ಮುಂಚೆ ನನ್ನ ಹೊಲಿಗೆ ಯಂತ್ರದ ಮುಂದೆ ಒಬ್ಬ ಮುದುಕಿ ಬಂದು ನಿಂತಳು. ಬಿಳಿಯ ಮೈಬಣ್ಣ, ಕಪ್ಪು ಫ್ರಾಕು. ಮೊಮ್ಮಗಳು ಹಬ್ಬಕ್ಕೆ ಹೊದೆಯುವ ಉದ್ದನೆಯ ಮಖಮಲ್ಲಿನ ಮೇಲುಹೊದಿಕೆಯ ಅಂಚು ಬಿಚ್ಚಿತ್ತು. ಅದನ್ನು ಕೊಟ್ಟು ಹೊರಟವಳು ಬಾಗಿಲಲ್ಲಿ ನಿಂತು ಚೀಲ ತಡಕಾಡುತ್ತಾ "ಶಾವಿ, ಶಾವಿ" ಎಂದು ಗೊಣಗಿದಳು. ಮೇಜಿನ ಮೇಲೆ ಕಾರಿನ ಕೀಲಿ ಬಿದ್ದಿತ್ತು.

"ಚಾವಿಯಾ? ಇಲ್ಲೇ ಅದೆಯಲ್ಲ ಅಮ್ಮ!" ಎಂದೆ. ಅವಳು ತಿರುಗಿ ನೋಡಿ ಬಾಯಿ ತೆರೆದಳು. ನಮ್ಮ ಕಡೆಯವಳೇ ಇರಬೇಕು, ಬೆಳ್ಳಗಿದ್ದರೇನಂತೆ ಎಂದುಕೊಂಡು "ನಿಮ್ಮದು ಯಾವೂರಾಯ್ತು? ಕಾರವಾರವಾ?" ಎಂದೂ ಕೇಳಿಬಿಟ್ಟೆ.

ಕಾರವಾರವಲ್ಲ. ಅವಳಿಗೆ ಬರುವ ಇಂಗ್ಲಿಷು, ನನಗೆ ಬರುವ ಇಂಗ್ಲಿಷು, ಜೊತೆಗೆ ಕೈಸನ್ನೆ ಎಲ್ಲ ಸೇರಿ ವಿಷಯ ತಿಳಿಯಿತು: ಅವಳು ಪೋರ್ಚುಗೀಸರವಳು, ಅವರ ಮಾತಿನಲ್ಲಿ ಚಾವಿಗೆ ಶಾವಿ. ನಮ್ಮ ಸೀರೆ ಅಂಗಡಿಗಳು ಬರುವ ಎಷ್ಟೋ ಮೊದಲು ಆರ್ಟೀಷಿಯಾ ತುಂಬ ದನದ ಕೊಟ್ಟಿಗೆಗಳಿದ್ದವಂತೆ. ಹಾಲಿನ ವ್ಯಾಪಾರ ಮಾಡಿದವರಲ್ಲಿ ಪೋರ್ಚುಗಲ್ಲಿನ ದ್ವೀಪಗಳಿಂದ ಬಂದವರೂ ಬಹಳ. ಅವರು ಸೇರುವ ಸಭೆಯ ಹಾಲ್, ಅವರ ಹಬ್ಬ ಇಂದಿಗೂ ಇಲ್ಲೇ, ನಮ್ಮ ಬೀದಿಯಿಂದ ಸ್ವಲ್ಪ ದೂರದಲ್ಲಿ. ಅಂದರೆ ನಾನು ಪೋರ್ಚುಗೀಸರ ಊರಿನಲ್ಲೇ ಕೂತುಕೊಂಡು, ಪೋರ್ಚುಗೀಸರ ಊರಿಗೆ ಬರಲಾರೆ ಎಂದು ಕುಂಟಿದ್ದೆ!

ತಂಗಿಗೆ ಫೋನ್ ಮಾಡಿದೆ. "ಹಬ್ಬದ ಭಾನುವಾರ ಬಾ. ನಿಂಗೆ ಪೋರ್ಚುಗಲ್ ತೋರಿಸ್ತೆ."

"ಅಕ್ಕ, ಮಂಡಿನೋವಿನ ಮಾತ್ರೆ ಏನಾದ್ರೂ ಜಾಸ್ತಿ ತಗೊಂಡ್ಯಾ?"

"ಸುಮ್ನೆ ಬಾ ಮಾರಾಯ್ತಿ. ಒಳ್ಳೆ ಸೀರೆ ಉಟ್ಕೊಂಡು ಬಾ."

ಬಂದಳು. ಆ ದಿನ ಮುಂದೆ ನಡೆದವಳು ನಾನು, ಹಿಂದೆ ಬಂದವಳು ಅವಳು. ವಾದ್ಯದವರ ಹಿಂದೆ ಮೆರವಣಿಗೆ ಬಂತು. ನಡುವೆ ಕಿರೀಟ ಇಟ್ಟುಕೊಂಡ ಪುಟ್ಟ ರಾಣಿ, ಆ ಮುದುಕಿಯ ಮೊಮ್ಮಗಳು. ನೆಲದ ಮೇಲೆ ಅವಳ ಮಖಮಲ್ ಹೊದಿಕೆ ತೇರಿನ ಹಗ್ಗದಷ್ಟು ಉದ್ದಕ್ಕೆ ಹಾಸಿಕೊಂಡು ಬರುತ್ತಿತ್ತು. "ಆ ಅಂಚು ನೋಡು, ನನ್ನ ಕೈಯ ಹೊಲಿಗೆ" ಎಂದೆ. ತಂಗಿ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ ನನ್ನನ್ನು ತೋರಿಸಿ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು.

ಹಾಲ್‌ನಲ್ಲಿ ಬಂದವರಿಗೆಲ್ಲ ಊಟ. ಯಾರು, ಎಲ್ಲಿಯವರು ಎಂದು ಕೇಳುವವರಿಲ್ಲ, ದುಡ್ಡೂ ಇಲ್ಲ.

"ನಮ್ಮ ಕಡೆ ಸಂತರ್ಪಣೆ ಥರಾನೇ ಇದೆ ಕಣೆ. ಎಲೆ ಒಂದಿಲ್ಲ" ಎಂದಳು ತಂಗಿ. ಸಾರಿನಲ್ಲಿ ದನದ ಮಾಂಸವಿತ್ತು. ನಾವು ಬೇಡವೆಂದು ಕೈ ಮುಗಿದೆವು. ಮುದುಕಿ ನಕ್ಕು, ಸಿಹಿ ಬ್ರೆಡ್ಡನ್ನೂ ಅಕ್ಕಿಯ ಪಾಯಸವನ್ನೂ ತಂದಿಟ್ಟಳು. ಗಟ್ಟಿ ಪಾಯಸ, ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ಬಿಡಿಸಿದ ರಂಗೋಲಿ. ತಂಗಿ ಮೂರು ಸಲ ಹಾಕಿಸಿಕೊಂಡಳು.

ನನಗೆ ಹುಮ್ಮಸ್ಸು ಬಂತು. ಕಂಡದ್ದನ್ನೆಲ್ಲ ತೋರಿಸಿ ನಮ್ಮೂರಿನ ಮಾತು ಹೇಳತೊಡಗಿದೆ. ಮೇಜು ಎಂದರೆ ಮುದುಕಿ "ಮೇಜ" ಎಂದಳು. ಜನೇಲು ಎಂದರೆ "ಜನೇಲ". ಬಟಾಟೆ ಎಂದರೆ "ಬತಾತ". ಸುತ್ತ ಮುದುಕರು ಸೇರಿದರು. ಪ್ರತಿ ಮಾತಿಗೂ ಚಪ್ಪಾಳೆ. ನಾನು "ಬಾಲ್ದಿ" ಎಂದಾಗ ಒಬ್ಬ ಅಜ್ಜ ಓಡಿಹೋಗಿ ಒಂದು ಬಕೆಟ್ಟನ್ನೇ ಎತ್ತಿಕೊಂಡು ಬಂದ.

"ಬೇರೆ ಭಾಷೆ ಬರಲ್ಲ ಅಂತಿರ್ತೀಯಲ್ಲ ಅಕ್ಕ! ಹುಟ್ಟಿದಾಗಿಂದ ಪೋರ್ಚುಗೀಸ್ ಮಾತಾಡ್ತಾ ಇದ್ದೀಯ!" ತಂಗಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಹೊರಗಿನ ಮಳಿಗೆಯಲ್ಲಿ ಕಸೂತಿ ಹಾಕಿದ ಒಂದು ಟುವಾಲು ಕೊಂಡಳು. ಅದಕ್ಕೂ ಅವರದು ಹೆಚ್ಚುಕಡಿಮೆ ಅದೇ ಹೆಸರು.

ಅಷ್ಟರಲ್ಲಿ ತಂತಿವಾದ್ಯ ಶುರುವಾಯಿತು. ಜನ ವೃತ್ತ ಕಟ್ಟಿ ಕುಣಿಯತೊಡಗಿದರು. ಮುದುಕಿ ನನ್ನ ಕೈ ಎಳೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದೇಬಿಟ್ಟೆ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ, ಒಂದು ಗಿರಕಿ. ಯಾರೂ ಬೋರ್ಡು ಓದು ಎನ್ನಲಿಲ್ಲ. ಅಷ್ಟು ಜನರ ನಡುವೆ ನಾನು ಎಲ್ಲಿ ನಿಲ್ಲಬೇಕೆಂದು ನನಗೆ ಗೊತ್ತಿತ್ತು. ಏದುಸಿರು ಬರುವವರೆಗೂ ಕುಣಿದೆ.

ತಿರುಗಿದಾಗ ತಂಗಿ ಕಂಡಳು. ಟುವಾಲು ಎದೆಗೊತ್ತಿಕೊಂಡು ನನ್ನ ಕಾಲುಗಳನ್ನೇ ನೋಡುತ್ತಿದ್ದಳು.

ಹೋಗಿ ಅವಳ ಪಕ್ಕ ಕುಳಿತೆ. ನಗುತ್ತಲೇ ಇದ್ದಳು, ಆದರೆ ದನಿ ಇಳಿದಿತ್ತು. ಬೆಂಗಳೂರಿನಲ್ಲಿ ಓದುವಾಗ ಕಲಿತ ಮಾತು ಬಿಟ್ಟು ನಮ್ಮೂರಿನ ಮಾತಿನಲ್ಲಿ ಕೇಳಿದಳು: "ಎಂತಕ್ಕೆ ಬರ್ಲಿಲ್ಲೆ ಅಕ್ಕ?"

ಆ ವಿಮಾನ ನಿಲ್ದಾಣದ ಕೋಣೆಯನ್ನು ಅವಳಿಗೆ ಹೇಳಿದೆ. ಸಾಲು, ಬೋರ್ಡು, ಎಸ್, ಸೆರಗು, ಎಲ್ಲವನ್ನೂ. ವಾದ್ಯದ ಗದ್ದಲದಲ್ಲಿ ಅವಳಿಗೆ ಕೇಳಿಸಲೆಂದು ಕೂಗಿಯೇ ಹೇಳಬೇಕಾಯಿತು. ಕೊನೆಯ ಮಾತನ್ನೂ ಕೂಗಿಯೇ ಹೇಳಿದೆ:

"ಮಂಡಿ ನೋಯ್ತಾ ಇರ್ಲಿಲ್ಲ ಮಾರಾಯ್ತಿ. ಹೆದರಿಕೆ ಆಗಿತ್ತು. ನಿನ್ನ ಆಸೆ ನಾನೇ ಹಾಳು ಮಾಡ್ದೆ. ತಪ್ಪಾಯ್ತು ತಂಗಿ, ನಂದು ತಪ್ಪಾಯ್ತು."