ಅಕ್ಕ ಸುಮ್ಮನಾಗುವ ಜಾಗ

ಸೀಡಿಯಲ್ಲಿದ್ದ ಲೆಕ್ಕದ ಪಾಠಗಳನ್ನು ಇಂಟರ್ನೆಟ್ಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅಥಣಿ ರಸ್ತೆಯ ಆಫೀಸಿನಲ್ಲಿ ಇಡೀ ಮಧ್ಯಾಹ್ನ ಅಕ್ಕನ ಹರೆಯದ ದನಿ ಕೇಳುತ್ತ ಕೂತಿರುತ್ತಿದ್ದೆ. ಕಾಖಂಡಕಿಯಲ್ಲಿ ಟೀಚರಾಗಿದ್ದಾಗ ಅಲ್ಲಿನ ಶಾಲೆಯ ಖಾಲಿ ಕೋಣೆಯಲ್ಲಿ ಕೂತು ಅವಳೇ ಆ ಪಾಠಗಳನ್ನು ಹೇಳಿ ರೆಕಾರ್ಡ್ ಮಾಡಿಸಿದ್ದಳು.

"ಗಿಡದಾಗ ಮೂರು ಗಿಣಿ ಅದಾವ. ಮತ್ತ ನಾಕು ಬಂದ್ವು. ಎಲ್ಲಾ ಕೂಡಿ ಎಷ್ಟಾದ್ವು?"

ಇಷ್ಟು ಕೇಳಿ ಸುಮ್ಮನಾಗುತ್ತಿದ್ದಳು. ಆ ಮೌನದಲ್ಲಿ ಗಾಳಿ, ದೂರದ ಬಸ್ಸಿನ ಹಾರ್ನು, ಅವಳ ಬಳೆಯ ಸದ್ದು. ನಾನು ಅರೆನಿದ್ದೆಯಲ್ಲಿ ಅದರೊಳಗೇ ಇಳಿದುಬಿಡುತ್ತಿದ್ದೆ. ಆ ಶಾಲೆಯ ತಂಪು ಕಲ್ಲುನೆಲ ಅಂಗಾಲಿಗೆ ತಗುಲಿದಂತಾಗುತ್ತಿತ್ತು. ಆಮೇಲೆ "ಏಳು! ಶಾಬಾಸ್!" ಎಂಬ ಅವಳ ದನಿ. ಅದರ ಬೆನ್ನಿಗೆ ಮುಂದಿನ ಲೆಕ್ಕ.

ಅಕ್ಕನಿಗೆ ಈಗ ಕಿವಿ ಕೇಳಿಸುವುದೇ ಇಲ್ಲ. ಆದರೂ ಟಿಕೋಟಾದ ಅವಳ ಮನೆಗೆ ಹೋದಾಗಲೆಲ್ಲ ಅದೇ ಪ್ರಶ್ನೆ: "ನನ್ನ ಪಾಠ ಏರಿಸಿದೇನ ತಂಗಿ?"

ಏರಿಸಿದೆ. ಇಟ್ಟಂಗಿಹಾಳದ ಶಾಲೆಯಲ್ಲಿ ಮೊದಲ ಸಲ ತೋರಿಸಿದಾಗ ಮಾನ ಹೋಯಿತು. ಪರದೆಯ ಅಕ್ಕ ಪ್ರಶ್ನೆ ಕೇಳಿ, ಉಸಿರೂ ಬಿಡದೆ ತಾನೇ ಉತ್ತರ ಹೇಳಿ, ತಾನೇ ಶಾಬಾಸ್ ಅಂದಳು. ಮಕ್ಕಳು ಟಿವಿ ನೋಡುವ ಹಾಗೆ ಕೂತುಬಿಟ್ಟರು.

"ಈ ಹಳೇ ದನಿ ಬ್ಯಾಡ್ರಿ ಮೇಡಂ, ಬ್ಯಾರೆಯವರ ಕಡೆ ಹೊಸದಾಗಿ ಹೇಳಸೂಣು," ಅಂದರು ನಮ್ಮ ಸಾಹೇಬರು.

ಆಫೀಸಿಗೆ ಬಂದು ನೋಡಿದರೆ, ಫೈಲು ಹಗುರಾಗಲೆಂದು ಕಂಪ್ಯೂಟರು ಮೌನವನ್ನೆಲ್ಲ ಕತ್ತರಿಸಿ ಎಸೆದಿತ್ತು. ಅದರ ಬಾಯಿಗೆ ಮಣ್ಣು ಬೀಳಲಿ! ಇಡೀ ವರ್ಗ ಒಟ್ಟಾಗಿ ಕೂಗುವ ತನಕ ಅಕ್ಕ ಎಂದೂ ಬಾಯಿ ಬಿಟ್ಟವಳಲ್ಲ. ಸೀಡಿಯಲ್ಲೂ ಅಷ್ಟೇ ಹೊತ್ತು ಬಿಟ್ಟಿದ್ದಳು; ಆ ಖಾಲಿ ಜಾಗ ಮಕ್ಕಳದು. ಇನ್ನೊಂದು ಅವಕಾಶ ಕೊಡಿ ಎಂದು ಸಾಹೇಬರನ್ನು ಕಾಡಿಬೇಡಿ, ಹಳೆಯ ಸೀಡಿಯಿಂದ ಗಾಳಿ, ಬಸ್ಸು, ಬಳೆ ಸಮೇತ ಒಂದೊಂದೇ ಮೌನ ತಂದು ಅದರದರ ಜಾಗಕ್ಕೆ ಕೂರಿಸಿದೆ.

ಎರಡನೇ ಸಲ ಅಕ್ಕನನ್ನೂ ಕರೆದುಕೊಂಡು ಹೋದೆ. ಪರದೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಮಕ್ಕಳಿಗೆ ಎದುರಾಗಿ ಕೂತಳು. ಗಿಣಿಗಳು ಬಂದವು, ಪ್ರಶ್ನೆ ಬಂತು, ದನಿ ನಿಂತಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಸಾಹೇಬರು ಮೊಬೈಲು ತೆಗೆದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಇಡೀ ವರ್ಗ ಕೂಗಿತು: "ಏಳು!"

ಅಕ್ಕನಿಗೆ ಪರದೆಯ ದನಿಯೂ ಕೇಳಿಸಿರಲಿಲ್ಲ, ಮಕ್ಕಳ ಕೂಗೂ ಕೇಳಿಸಲಿಲ್ಲ. ಅಷ್ಟೂ ಬಾಯಿ ಒಮ್ಮೆಲೇ ತೆರೆದದ್ದನ್ನು ಕಂಡು ಕುರ್ಚಿಯಿಂದ ಅರ್ಧ ಎದ್ದು, "ಏಳು! ಶಾಬಾಸ್!" ಅಂದಳು.

ಪರದೆಯಿಂದಲೂ ಅದೇ ಗಳಿಗೆಗೆ ಅದೇ ಮಾತು ಬಂತು. ಮಕ್ಕಳು ಒಮ್ಮೆ ಪರದೆಯನ್ನು, ಒಮ್ಮೆ ಅಕ್ಕನನ್ನು ನೋಡಿದರು. ಹೊಸ ದನಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.