ಮುತ್ತಜ್ಜನಿಗೆ ಲ್ಯಾಮಿನೇಶನ್

ತೊಂಬತ್ತರ ದಶಕದ ಕೊನೆ. ಕುವೈತ್ ಸಿಟಿಯ ನಮ್ಮ ಆಫೀಸಿನಲ್ಲಿ ಲ್ಯಾಮಿನೇಶನ್ ಮೆಷಿನ್ ನನ್ನ ವಶದಲ್ಲಿತ್ತು. ಇಕಾಮಾ ಎಂಬ ವಾಸದ ಪರವಾನಗಿಯ ಪ್ರತಿ, ಡಿಗ್ರಿ ಸರ್ಟಿಫಿಕೇಟು, ಮಕ್ಕಳ ಜನನಪತ್ರ, ಏನು ಸಿಕ್ಕಿದರೂ ನಾವು ಊರಿನವರು ಪ್ಲಾಸ್ಟಿಕ್ಕಿನೊಳಗೆ ಹಾಕಿಸಿಬಿಡುತ್ತಿದ್ದೆವು. ಹಾಕಿಸಿದರೆ ನಿಶ್ಚಿಂತೆ. ಈ ವಿದ್ಯೆಯಲ್ಲಿ ನನ್ನ ಬಿಟ್ಟರೆ ಇನ್ನಿಲ್ಲ ಎಂಬ ಜಂಬವೂ ನನಗಿತ್ತು.

ಒಂದು ದಿನ ನಮ್ಮ ಅಮೆರಿಕನ್ ಇಂಜಿನಿಯರ್ ನನ್ನ ಮೇಜಿನ ಮೇಲೆ ಅಂಗೈಯಗಲದ ಹಳೆಯ ಕಾರ್ಡೊಂದನ್ನು ಇಟ್ಟರು. ಕಂದು ಬಣ್ಣದ ಫೋಟೋ, ಹಿಂದೆ ದಪ್ಪ ರಟ್ಟು. ಬೇಸ್‌ಬಾಲ್ ಬ್ಯಾಟು ಹಿಡಿದು ನಿಂತ ಮೀಸೆಯ ಗಂಡಸು ಅವರ ಮುತ್ತಜ್ಜ. ಆಗಿನ ಸ್ಟುಡಿಯೋದವರು ತೆಳ್ಳನೆಯ ಕಾಗದದಲ್ಲಿ ಫೋಟೋ ತೆಗೆದು, ರಟ್ಟಿಗೆ ಅಂಟಿಸಿ ಆಟಗಾರರಿಗೆ ಕೊಡುತ್ತಿದ್ದರಂತೆ. ಸಿಗರೇಟ್ ಕಂಪನಿಗಳು ಇಂಥ ಕಾರ್ಡುಗಳನ್ನು ಪ್ಯಾಕೆಟ್ಟಿನೊಳಗೆ ಹಾಕತೊಡಗಿದ್ದು ಆಮೇಲೆ, ಪ್ಯಾಕೆಟ್ಟು ಮುದುಡದಿರಲೆಂದು. ಅವನ್ನೇ ಜನ ಕೂಡಿಡತೊಡಗಿದರಂತೆ.

“ಇವನದು ಅಂತ ಇರುವುದು ಇದೊಂದೇ ಫೋಟೋ. ಕಲರ್ ಕಾಪಿ ಮಾಡಿಕೊಡಿ, ತಂಗಿಗೆ ಕಳಿಸಬೇಕು,” ಎಂದು ಇಂಗ್ಲಿಷಿನಲ್ಲಿ ಹೇಳಿ ಅವರು ಮೀಟಿಂಗಿಗೆ ಹೋದರು.

ಕಾರ್ಡಿನ ಅಂಚು ಉದುರುತ್ತಿತ್ತು. ನೋಡಿ ಅಯ್ಯೋ ಪಾಪ ಅನ್ನಿಸಿತು. ಕಾಪಿ ಆಮೇಲಾಯಿತು, ಮೊದಲು ಗಟ್ಟಿ ಮಾಡೋಣವೆಂದು ಬಿಸಿಯಾದ ಮೆಷಿನ್ನಿಗೆ ತೂರಿಸಿದೆ. ಹೊರಬಂದಾಗ ಫೋಟೋ ರಟ್ಟಿನಿಂದೆದ್ದು ಹಪ್ಪಳದ ಹಾಗೆ ಉಬ್ಬಿತ್ತು. ಬ್ಯಾಟು ಸರಿಯಿತ್ತು, ಬೂಟು ಸರಿಯಿತ್ತು. ಮುಖವಿದ್ದಲ್ಲಿ ಒಂದು ಕಪ್ಪು ಗುಳ್ಳೆ.

ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿಗೆ ಫೋನ್ ಮಾಡಿದೆ. ಮೆಷಿನ್ ಕೆಟ್ಟಿತ್ತು ಎಂದು ಹೇಳಿಬಿಡಲೇ ಎಂದು ಕೇಳಿದೆ.

“ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಅವರು ಹೇಳಿದ್ದು ಕಾಪಿ, ನೀವು ಮಾಡಿದ್ದು ಎಂತ? ಸುಮ್ಮನೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ,” ಎಂದಳು. ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಇತ್ತಲ್ಲ, ಅದಕ್ಕೇ.

ಹೋಗಿ ಹೇಳಿದೆ. ಅವರು ಬೈಯಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

“ಕ್ಷಮಿಸಿ ಸರ್, ಜೋಪಾನವಾಗಿರಲಿ ಎಂದು ಮಾಡಿದೆ,” ಎಂದೆ.

“ಗೊತ್ತು,” ಎಂದರು. “ನಾನು ಚಿಕ್ಕಂದಿನಿಂದ ನೋಡಿದ ಮುಖ, ನನಗೆ ನೆನಪಿದೆ. ತಂಗಿಯ ಮಕ್ಕಳು ಇನ್ನೂ ನೋಡಿರಲಿಲ್ಲ.”