ಸತ್ತ ಗಿಡಕ್ಕೆ ನೀರು
ತುಮಕೂರಿನ ಕಣ್ಣಿನ ಡಾಕ್ಟರು ನನ್ನ ಕಣ್ಣೊಳಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಗಂಡನ ಕಡೆ ತಿರುಗಿದರು.

"ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ. ಇವರದ್ದು ಅಂಚಿಂದ ಕೆಡ್ತಾ ಬರ್ತಿದೆ. ಅದಕ್ಕೆ ಔಷಧಿ ಇಲ್ಲ. ಉರಿ ಬೇರೆ ಕಾಯಿಲೆ, ಕಣ್ಣಲ್ಲಿ ನೀರು ಊರ್ತಿಲ್ಲ. ಅದಕ್ಕೆ ಡ್ರಾಪ್ಸ್ ಬರೀತೀನಿ. ಬಿಡದೆ ಹಾಕ್ಬೇಕು."

"ಡ್ರಾಪ್ಸ್ ಹಾಕಿದ್ರೆ ಕಣ್ಣು ಕಾಣ್ಸುತ್ತಾ ಸಾರ್?"

"ಇಲ್ಲ. ಉರಿ ಕಮ್ಮಿಯಾಗುತ್ತೆ, ಅಷ್ಟೆ."

ಅದು ಎಪ್ಪತ್ತರ ದಶಕದ ಕೊನೆ. ನಾನು ಗುಬ್ಬಿಯಲ್ಲಿ ಪ್ರೈಮರಿ ಸ್ಕೂಲ್ ಮೇಡಂ. ಹಗಲಲ್ಲಿ ನೇರಕ್ಕೆ ಇದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಹೊತ್ತು ಮುಳುಗಿದರೆ ಏನೂ ಇಲ್ಲ. ಸೀಮೆಸುಣ್ಣದ ಪುಡಿ, ಒಲೆಯ ಹೊಗೆ ಸೇರಿ ರೆಪ್ಪೆಯೊಳಗೆ ಮರಳು ಇಟ್ಟು ತಿಕ್ಕಿದ ಹಾಗೆ ಆಗುತ್ತಿತ್ತು.

ಗಂಡ ಒಂದೇ ಒಂದು ಬಾಟ್ಲಿ ಕೊಡಿಸಿದ. ಅದು ಮುಗಿದಾಗ ಕೇಳಿದೆ. "ಕಣ್ಣೇ ಬರಲ್ಲ ಅಂದ್ಮೇಲೆ ನೀರ್ಯಾಕೆ? ಸತ್ತ ಗಿಡಕ್ಕೆ ಯಾರಾದ್ರೂ ನೀರು ಹುಯ್ತಾರಾ?" ಅಂದ. ಸಂಬಳದ ದಿನ ಸ್ಕೂಲಿನ ಗೇಟಿನಲ್ಲೇ ಕಾದು ನನ್ನ ಕೈಯಿಂದ ಕವರು ತೆಗೆದುಕೊಳ್ಳುತ್ತಿದ್ದವನು ಅವನೇ.

ಅತ್ತೆಗೆ ಇದರಲ್ಲಿ ಒಂದು ಆಟ ಸಿಕ್ಕಿತ್ತು. ಸಾಯಂಕಾಲ ನೆಂಟರು ಕೂತಿದ್ದಾಗ, "ಮೇಡಮ್ಮೋರೇ, ಬಾಗ್ಲಲ್ಲಿ ಯಾರೋ ಬಂದವ್ರೆ, ಒಳಕ್ಕೆ ಕರೀರಿ" ಅನ್ನುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋಗಿ, "ಬನ್ನಿ, ಬನ್ನಿ" ಅನ್ನುತ್ತಿದ್ದೆ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಹಿಂದಿನಿಂದ ನಗು ಏಳುತ್ತಿತ್ತು. ಅದರಲ್ಲಿ ಗಂಡನ ನಗುವನ್ನು ನಾನು ಬೇರೆ ಮಾಡಿ ಗುರುತಿಸುತ್ತಿದ್ದೆ. ಸುಳ್ಳೆಂದು ಗೊತ್ತಾದ ಮೇಲೂ ಹೋಗಲೇಬೇಕಿತ್ತು, ಒಮ್ಮೊಮ್ಮೆ ನಿಜವಾಗಿ ಯಾರಾದರೂ ನಿಂತಿರುತ್ತಿದ್ದರು.

ಅಪ್ಪ ತೀರಿಕೊಂಡಾಗ ಅಮೃತೂರಿಗೆ ಹೋದೆವು. ಅಂಗಳದಲ್ಲಿ ಮಲಗಿಸಿದ್ದರು. ಹೆಂಗಸರೆಲ್ಲ ಗೋಳಾಡುತ್ತಿದ್ದರು. ನಾನು ಅಪ್ಪನ ಕಾಲು ಹಿಡಿದು ಕೂತೆ, ಅಳು ಬಂದರೂ ಕಣ್ಣಲ್ಲಿ ನೀರಿಲ್ಲ, ಬರೀ ಉರಿ. ಅವ್ವ ನನ್ನ ಕೈ ಹಿಡಿದು ಮೆಲ್ಲಗೆ, "ಜನ ನೋಡ್ತಾವ್ರೆ, ಒಂಚೂರು ಅಳೇ" ಅಂದಳು.

"ಬರ್ತಿಲ್ಲ ಕಣವ್ವ."

ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹೆತ್ತ ಅಪ್ಪನ್ಗೇ ಒಂದು ಹನಿ ಕಣ್ಣೀರು ಹಾಕ್ದೇ ಇರೋಳು ನಾಳೆ ನಮ್ಗೆ ಅಳ್ತಾಳಾ?"

ಅಣ್ಣನೂ ಅದನ್ನೇ ನಂಬಿದ. ತಿಥಿಗೆ ನನ್ನನ್ನು ಕರೆಯಲಿಲ್ಲ.

ಮುಂದಿನ ಸಂಬಳದ ದಿನ ಗೇಟಿಗೆ ಗಂಡ ಇನ್ನೂ ಬಂದಿರಲಿಲ್ಲ. ನಾನು ಸೀದಾ ತುಮಕೂರಿನ ಬಸ್ಸು ಹತ್ತಿದೆ. ಔಷಧಿ ಅಂಗಡಿಯಲ್ಲಿ ಬಾಟ್ಲಿ ಕೊಂಡು, ಅಲ್ಲೇ ನಿಂತು ಹಾಕಿಕೊಂಡೆ. ಉರಿ ತಣ್ಣಗಾಯಿತು. ವಾಪಸಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಗುಬ್ಬಿಯಲ್ಲಿ ಇಳಿದಾಗ ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ಕಂಬ ಹಿಡಿದು ನಿಂತೆ. ಗಂಡನ ಕೆಮ್ಮು ಕೇಳಿಸಿತು.

"ರೀ, ಇಲ್ಲಿದೀನಿ."

ಮತ್ತೆ ಕೆಮ್ಮು, ತೀರಾ ಹತ್ತಿರ. ಆ ಕಡೆಗೆ ಕಾಲಿಟ್ಟೆ. ಚರಂಡಿಗೆ ಬಿದ್ದೆ.

ಆಗ ಅವನು ಮಾತಾಡಿದ: "ತುಮಕೂರಿಗೆ ಒಬ್ಳೇ ಹೋಗೋಕೆ ಕಣ್ಣು ಬಂತಲ್ಲ, ಮನೆಗೂ ಒಬ್ಳೇ ಬಾ." ಚಪ್ಪಲಿ ಸದ್ದು ದೂರವಾಯಿತು.

ಟೀ ಅಂಗಡಿಯ ಹೆಂಗಸು ಲಾಂದ್ರ ಹಿಡಿದು ಬಂದು ನನ್ನನ್ನು ಎತ್ತಿದಳು. "ಅಯ್ಯೋ, ಆವಯ್ಯ ಆಗ್ಲಿಂದ ನಿಮ್ಮನ್ನೇ ನೋಡ್ಕಂಡು ನಿಂತಿದ್ನಲ್ಲಮ್ಮ" ಅಂದಳು. ಮನೆ ಎಲ್ಲಿ ಎಂದು ಕೇಳಿದಾಗ ನಾನು ನಮ್ಮ ಸ್ಕೂಲಿನ ಹೆಡ್‌ಮೇಡಂ ಮನೆ ಹೇಳಿದೆ. ಮೊಣಕೈಯಿಂದ ರಕ್ತ ಸೋರುತ್ತಿತ್ತು, ಸೀರೆಯೆಲ್ಲ ಕೊಚ್ಚೆ. ಹೆಡ್‌ಮೇಡಂ ಬಿಸಿನೀರು ಕಾಯಿಸಿದರು. ಅವರ ಹಿತ್ತಲ ಕೋಣೆಯಲ್ಲೇ ಉಳಿದೆ, ಗಂಡನ ಮನೆಗೆ ಮತ್ತೆ ಹೋಗಲಿಲ್ಲ.

ಅವನು ಸುಮ್ಮನಿರಲಿಲ್ಲ. ಕುರುಡಿಯೊಬ್ಬಳು ಮಕ್ಕಳಿಗೆ ಪಾಠ ಮಾಡುತ್ತಿದ್ದಾಳೆಂದು ಮೇಲಿನವರಿಗೆ ದೂರು ಕೊಟ್ಟ. ವಿಚಾರಣೆಗೆ ಬಂದ ಅಧಿಕಾರಿಯ ಪಕ್ಕದಲ್ಲೇ ಬಂದು ನಿಂತ. ಅಧಿಕಾರಿ ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ನಡುವೆ ಉಳಿದಿದ್ದ ಅಷ್ಟು ನೋಟದಲ್ಲಿ ಒಂದು ಪುಟ ತಡೆಯಿಲ್ಲದೆ ಓದಿದೆ.

"ಚೆನ್ನಾಗೇ ಓದ್ತಾರಲ್ರೀ" ಎಂದರು ಅಧಿಕಾರಿ.

"ನಿಮ್ಮ ಕೈ ಅವ್ಳ ಮುಖದ ಪಕ್ಕಕ್ಕೆ ತಗೊಂಡೋಗಿ ಸಾರ್, ಅವಾಗ ಗೊತ್ತಾಯ್ತದೆ" ಎಂದ ಗಂಡ.

ಅಧಿಕಾರಿ ಹಾಗೇ ಮಾಡಿದರಂತೆ. ನನಗೆ ಗೊತ್ತಾಗಲಿಲ್ಲ. ಮಕ್ಕಳ ಮುಂದೆಯೇ ಪರೀಕ್ಷೆ ಆಯಿತು. ಅವರು ಪುಸ್ತಕ ಮುಚ್ಚಿ, "ಪಾಠಕ್ಕೆ ಪುಸ್ತಕ ಕಂಡ್ರೆ ಸಾಕು" ಎಂದು ಹೇಳಿ ಎದ್ದರು. ಕೆಲಸ ಉಳಿಯಿತು. ಆಮೇಲಿನ ವರ್ಷಗಳಲ್ಲಿ ಅಕ್ಷರಗಳೂ ಮಸುಕಾದವು. ಬಾಯಿಪಾಠ ಮಾಡಿಕೊಂಡು ಕೆಲವು ಕಾಲ ಕಲಿಸಿದೆ. ಅದೂ ಆಗದಾದಾಗ ನಾನೇ ರಾಜೀನಾಮೆ ಕೊಟ್ಟೆ.